ಉಂಡು ಮಲಗುವ ತನಕ

ಬೆಳಗ್ಗೆ ಎದ್ದಾಗ ಅವಳಿಗೆ ಜಗಳದ ನೆನಪೇ ಇರಲಿಲ್ಲ. ಮುಖ ತೊಳೆದು, ಕೂದಲು ಗಂಟು ಹಾಕಿಕೊಳ್ಳುತ್ತ ಅಡುಗೆಮನೆಗೆ ಬಂದರೆ, ಗಂಡ ರಾತ್ರಿ ಎಲ್ಲಿ ನಿಂತು ಕೂಗಾಡಿದ್ದನೋ ಅಲ್ಲೇ ಕಟ್ಟೆಗೆ ಒರಗಿ ನಿಂತಿದ್ದ.

"ಇನ್ನೊಂದು ಮಾತು," ಅಂದ. "ನಿಮ್ಮಣ್ಣನ ವಿಷಯ ನಾನು ಎತ್ತಲಿಲ್ಲ. ಎತ್ತಿದ್ದು ನೀನು."

ಅವಳಿಗೆ ನಗು ಬಂತು. ಅವನ ಕಣ್ಣು ನೋಡಿದ ಮೇಲೆ ನಗು ಅಲ್ಲೇ ನಿಂತಿತು. ಪುಣ್ಯಾತ್ಮ ರಾತ್ರಿಯಿಡೀ ಮಾತು ಮಸೆಯುತ್ತ ಕಳೆದಿದ್ದ.

ಅವನು ಬಂದರಿನಲ್ಲಿ ಕ್ರೇನ್ ನಡೆಸುವವನು. ನಿದ್ದೆಯ ಅಗತ್ಯವೇ ಬೀಳದಂಥ ಮಾತ್ರೆಯನ್ನು ಕಂಪನಿಯೇ ಕೊಡುತ್ತಿತ್ತು. ಬಲವಂತವೇನೂ ಇಲ್ಲ, ನುಂಗದವರನ್ನು ಕ್ರೇನ್ ಹತ್ತಿಸುವುದಿಲ್ಲ, ಅಷ್ಟೆ. ಹಗಲು ಪಾಳಿ, ರಾತ್ರಿ ಪಾಳಿ ಎರಡನ್ನೂ ಮುಗಿಸಿ ಬಂದರೂ ಅವನಿಗೆ ಒಂದು ಆಕಳಿಕೆಯೂ ಬರುತ್ತಿರಲಿಲ್ಲ. ನಿನ್ನೆ ರಜೆಯಿತ್ತು, ಹೆಂಡತಿಗೂ ಒಂದಿಷ್ಟು ಮಾತ್ರೆ ತಂದಿದ್ದ. ಮನೆಯಲ್ಲೇ ಕೂತು ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುವ ಅವಳು, ತನಗೆ ನಿದ್ದೆ ಬೇಕು ಅಂದಳು. "ನಿದ್ದೆಬಡುಕಿ, ಅರ್ಧ ಆಯಸ್ಸು ಹಾಸಿಗೆಗೇ ಸುರೀತೀಯ," ಎಂದು ಅವನು ಶುರುಮಾಡಿದ. ಮಾತಿಗೆ ಮಾತು ಬೆಳೆದು, ಅವಳು ಅತ್ತು, ಹೋಗಿ ಮಲಗಿದ್ದಳು.

ಮಲಗಿದವಳ ಸಿಟ್ಟು ಇಳಿದಿತ್ತು. ಅವನದು ಹುದುಗು ಬಂದ ಹಿಟ್ಟಿನ ಹಾಗೆ ಉಬ್ಬುತ್ತಲೇ ಇತ್ತು.

"ಹೋಗ್ಲಿ ಬಿಡ್ರೀ. ನಿನ್ನೆದು ನಿನ್ನೆಗಾಯ್ತು."

"ಯಾವ ನಿನ್ನೆ? ಈಗಷ್ಟೇ ಅಂದಿದ್ದೀಯ, ನಾನು ಮನುಷ್ಯನೇ ಅಲ್ಲ ಅಂತ."

ಅವನಿಗೆ ನಿಜಕ್ಕೂ ಅದು ಈಗಷ್ಟೇ ನಡೆದದ್ದು. ತಿಂಗಳುಗಟ್ಟಲೆ ಅವನಿಗೆ ಒಂದೇ ದಿನ ಎಳೆದುಕೊಂಡು ಹೋಗುತ್ತಿದೆ ಎಂಬುದು ಅವಳಿಗೆ ಹೊಳೆಯಿತು.

ಗಲಾಟೆ ಕೇಳಿ ಅತ್ತೆ ಬಾಗಿಲಿಗೆ ಬಂದರು. "ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತಾರೆ. ಇವನು ಉಣ್ತಾನೆ, ಮಲಗೋದೇ ಇಲ್ಲ. ಹೀಗಾದ್ರೆ ಹೇಗಮ್ಮ ಬಾಳ್ತೀಯ ನೀನು?"

ಸೊಸೆಗೆ ಆ ಮಾತು ನಾಟಿತು. ದಿನಾ ಬೆಳಗ್ಗೆ ಹೊಸದಾಗಿ ಎದ್ದು ಮಾತಾಡಿಸುತ್ತಿದ್ದವಳು ತಾನೊಬ್ಬಳೇ. ಅಷ್ಟರಿಂದಲೇ ಈ ಮನೆ ಇಷ್ಟು ದಿನ ಮನೆಯಾಗಿ ಉಳಿದಿತ್ತು. ಈಗ ಅವಳಿಗೆ ನಿಜವಾದ ಸಿಟ್ಟು ಬಂತು. ಕಪಾಟಿನಿಂದ ಮಾತ್ರೆ ತೆಗೆದು, ಲೋಟಕ್ಕೆ ನೀರು ಬಗ್ಗಿಸಿದಳು.

"ಸರಿ, ನಾನೂ ನುಂಗ್ತೀನಿ. ಇಷ್ಟು ದಿನ ನಿಮ್ಮ ಪಾಲಿನ ನಿದ್ದೆನೂ ನಾನೇ ಮಾಡ್ತಿದ್ದೆ. ಇನ್ಮೇಲೆ ಈ ಮನೇಲಿ ಮರೆಯೋರು ಯಾರೂ ಇರಲ್ಲ. ಹೇಳಿ, ಎಲ್ಲಿಗೆ ನಿಂತಿತ್ತು ಜಗಳ?"

ಅವಳು ಮಾತ್ರೆಯನ್ನು ಬಾಯಿಗೆ ಒಯ್ಯುವಷ್ಟರಲ್ಲಿ ಅವನು ಮುಂದೆ ಬಂದು ಮುಂಗೈ ಹಿಡಿದ.

"ಬೇಡ ಕಣೇ," ಅಂದ. "ನೀನಾದ್ರೂ ಮಲಗು."