ನಿಂತ ಕಾಲಲ್ಲೇ

ಸತತ ಆರನೆಯ ಸಂಜೆಯೂ ಕಂಡಕ್ಟರಮ್ಮ ಕ್ರೀಡಾ ಸಾಮಗ್ರಿಯ ಆ ಅಂಗಡಿಗೆ ಬಂದು, ಹೆಗಲಿನ ಚೀಲವನ್ನು ಕೌಂಟರಿನ ಮೇಲಿಟ್ಟು, ಟ್ರಯಲ್ ಕುರ್ಚಿಯಲ್ಲಿ ಕೂತು ಕಾಲು ಚಾಚಿದಳು. ಅಂಗಡಿಯಲ್ಲಿ ಇದ್ದದ್ದು ಎರಡೇ ಕುರ್ಚಿ. ಇದು ಗಿರಾಕಿಗಳು ಶೂ ಹಾಕಿ ನೋಡಲಿಕ್ಕೆ. ಇನ್ನೊಂದು ಗಲ್ಲಾಪೆಟ್ಟಿಗೆಯ ಹಿಂದಿನ ತಿರುಗುವ ಕುರ್ಚಿ, ಮಾಲೀಕನದು. ಕೆಲಸ ಮಾಡುವವರು ಕೂರುವಂತಿಲ್ಲ. ಅವರು ಕೂತದ್ದು ಕಂಡರೆ ವ್ಯಾಪಾರ ಬಿದ್ದುಹೋಗಿದೆ ಎಂದು ಜನ ತಿಳಿಯುತ್ತಾರೆ ಎಂಬುದು ಅವನ ಸಿದ್ಧಾಂತ.

ಮಾರಾಟದ ಹುಡುಗಿ ಕಾಲು ಒತ್ತುವ ಯಂತ್ರ, ಮಸಾಜ್ ಗನ್, ಕೈಗೆತ್ತಿಕೊಂಡಳು. ಅವಳಿಗೆ ಮೂವತ್ತೆಂಟು ದಾಟಿತ್ತು, ಮಗಳು ಕಾಲೇಜಿಗೆ ಹೋಗುತ್ತಿದ್ದಳು. ಅಂಗಡಿಯಲ್ಲಿ ಮಾತ್ರ ಇನ್ನೂ ಹುಡುಗಿಯೇ. ಗುಂಡಿ ಒತ್ತಿದ್ದೇ ತಡ, ಗನ್ನು ಗುಂಯ್ ಎಂದು ಕಂಡಕ್ಟರಮ್ಮನ ಮೀನಖಂಡವನ್ನು ಕುಟ್ಟತೊಡಗಿತು.

"ಓಟಗಾರರ ದಣಿದ ಸ್ನಾಯುಗಳಿಗೆ ನಿಮಿಷಕ್ಕೆ ಮೂರು ಸಾವಿರ ಪೆಟ್ಟು. ರಕ್ತ ಸಂಚಾರ ಸರಾಗ, ಮರುದಿನವೇ ಮತ್ತೆ ಓಟ," ಎಂದು ಹುಡುಗಿ ಕಲಿತ ಪಾಠ ಒಪ್ಪಿಸಿದಳು.

"ನಾನೆಲ್ಲಿ ಓಡ್ತೀನಿ ತಾಯಿ? ಬಸ್ಸು ಓಡತ್ತೆ, ನಾನು ನಿಂತಿರ್ತೀನಿ. ನಿಂತವರ ಕಾಲಿಗೂ ಆಗತ್ತಾ ಇದು?"

ಪಾಠದಲ್ಲಿ ಆ ಪ್ರಶ್ನೆ ಇರಲಿಲ್ಲ. ಅವಳು ಮಾಲೀಕನ ಕಡೆ ನೋಡಿದಳು. ಅವನು ಬೆರಳು ಮಡಚಿ ಕರೆದ.

"ಆರು ದಿನದಿಂದ ಪುಕ್ಕಟೆ ಕಾಲು ಒತ್ತಿಸ್ಕೊಂಡು ಹೋಗ್ತಿದ್ದಾಳೆ ಆಯಮ್ಮ. ಇವತ್ತು ಅವಳಿಗೆ ಒಂದು ಮಾರು. ಇಲ್ಲಾಂದ್ರೆ ನಾಳೆಯಿಂದ ನೀನೂ ಬರ್ಬೇಡ."

ಅವನ ಪ್ರಕಾರ ಅದು ಪಿಸುಮಾತು. ಆದರೆ ಬಸ್ಸಿನ ಗದ್ದಲದಲ್ಲೂ ಹಿಂದಿನ ಸೀಟಿನ ಗುಸುಗುಸು ಕೇಳಿ ಪಳಗಿದ ಕಿವಿಗೆ ಅಷ್ಟು ಸಾಕಾಯಿತು. ಹುಡುಗಿ ವಾಪಸು ಬರುವಾಗ ಕಂಡಕ್ಟರಮ್ಮ ಅವಳ ಮುಖ ನೋಡಲಿಲ್ಲ, ಪಾದ ನೋಡಿದಳು. ಬಾತು ದಪ್ಪಗಾದ ಪಾದ ಒಳಗೆ ಹಿಡಿಸದೆ, ಶೂವಿನ ಹಿಂಭಾಗವನ್ನು ತುಳಿದು ಚಪ್ಪಲಿಯಂತೆ ಎಳೆದುಕೊಂಡು ಬರುತ್ತಿದ್ದಳು.

"ನೀನು ಯಾವಾಗ ಕೂತ್ಕೋತೀಯಾ?"

"ಮನೆಗೆ ಹೋಗುವಾಗ ಅಕ್ಕ. ಬಸ್ಸಲ್ಲಿ ಸೀಟು ಸಿಕ್ಕಿದ್ರೆ."

ಕಂಡಕ್ಟರಮ್ಮ ಎದ್ದು ನಿಂತಳು. ಕೊನೆಯ ಸ್ಟಾಪ್ ಕೂಗುವ ದನಿಯಲ್ಲೇ, "ಸಾರ್, ತಗೊಳ್ಳೋಣಾಂತ ಇದೀನಿ. ಆದ್ರೆ ನನ್ನ ಕಾಲಿನ ಮಾತೊಂದನ್ನೇ ನಂಬಿ ದುಡ್ಡು ಕೊಡೋಳಲ್ಲ ನಾನು. ಇನ್ನೊಬ್ಬರ ಕಾಲ ಮೇಲೆ ಹೆಂಗೆ ನಡೆಯತ್ತೆ ನೋಡ್ಬೇಕು. ಇವಳನ್ನ ಕೂರ್ಸಿ," ಎಂದಳು.

ಮಾಲೀಕ ಒಂದು ಗಳಿಗೆ ಸಿದ್ಧಾಂತವನ್ನೂ ವ್ಯಾಪಾರವನ್ನೂ ತೂಗಿ ನೋಡಿದ. "ಕೂತ್ಕೋ," ಎಂದ, ಹಲ್ಲು ಕಚ್ಚಿ.

ಹುಡುಗಿ ಕುರ್ಚಿಯ ತುದಿಯಲ್ಲಿ ಮುದುರಿ ಕೂತಳು. ಕಂಡಕ್ಟರಮ್ಮ ನೆಲಕ್ಕೇ ಕೂತು, ಆ ಪಾದವನ್ನೆತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡಳು.

"ಅಯ್ಯೋ, ದೊಡ್ಡವರು ನೀವು, ನನ್ನ ಕಾಲು ಮುಟ್ಬೇಡಿ!"

"ಸುಮ್ನಿರು. ನಾನೀಗ ಗಿರಾಕಿ."

ಮೊದಲು ಎಡಗಾಲು, ಆಮೇಲೆ ಬಲಗಾಲು. ಒಂದನೇ ವೇಗ, ಎರಡನೇ ವೇಗ. ಸಂದೇಹ ಬಂದು ಮತ್ತೆ ಎಡಗಾಲು. ಮಾಲೀಕ ಎರಡು ಸಲ ಕೆಮ್ಮಿದ. ಅಷ್ಟರಲ್ಲಿ ಹುಡುಗಿಯ ಬೆನ್ನು ಕುರ್ಚಿಗೆ ಒರಗಿತು, ತಲೆ ಭುಜಕ್ಕೆ ವಾಲಿತು, ಸಣ್ಣಗೆ ಗೊರಕೆ ಶುರುವಾಯಿತು. ಸಾಕ್ಸ್ ಕೊಳ್ಳಲು ಬಂದವರು, ಚೆಂಡು ಕೊಳ್ಳಲು ಬಂದವರು ಸುತ್ತ ನಿಂತರು. ಎದೆಯ ಮೇಲೆ ಓಟದ ನಂಬರು ಅಂಟಿಸಿಕೊಂಡೇ ಬಂದಿದ್ದ ಒಬ್ಬ ತರುಣ ಹುಬ್ಬೇರಿಸಿದ. "ಅಬ್ಬಾ! ನಂಗೂ ಒಂದು ಕೊಡಿ," ಎಂದು ಡಬ್ಬಿಯೊಂದನ್ನು ಎತ್ತಿಕೊಂಡ.

ಮಾಲೀಕ ಗಲ್ಲಾಪೆಟ್ಟಿಗೆ ಬಿಟ್ಟು ಎದ್ದು ಬಂದ. "ನೋಡಿ ನೋಡಿ, ಕಣ್ಣೆದುರಿಗೇ ಸಾಕ್ಷಿ! ಹೆಂಗೆ ನಿದ್ದೆ ಬಂತು ನೋಡಿ!"

"ಮೆಲ್ಲಗೆ ಸಾರ್, ಎದ್ದುಬಿಡ್ತಾಳೆ," ಎಂದಳು ಕಂಡಕ್ಟರಮ್ಮ. "ನಾನಿದನ್ನ ಆಫ್ ಮಾಡಿ ಹತ್ತು ನಿಮಿಷ ಆಯ್ತು."

ತರುಣ ಬಗ್ಗಿ ನೋಡಿದ. ಗನ್ನಿನ ದೀಪ ಆರಿತ್ತು; ಜನರ ಗದ್ದಲದಲ್ಲಿ ಅದರ ಗುಂಯ್ ನಿಂತದ್ದು ಯಾರ ಗಮನಕ್ಕೂ ಬಂದಿರಲಿಲ್ಲ. ಡಬ್ಬಿಯನ್ನು ಇದ್ದಲ್ಲೇ ಇಟ್ಟು, "ಹಂಗಾದ್ರೆ ಕೆಲಸ ಮಾಡಿದ್ದು ಕುರ್ಚಿ! ಕುರ್ಚಿಗೆಷ್ಟು ಸಾರ್?" ಎಂದ. ಎಲ್ಲರೂ ಹೋ ಎಂದು ನಕ್ಕರು. ಆ ಸದ್ದಿಗೆ ಹುಡುಗಿ ದಡಬಡಿಸಿ ಎದ್ದು, ಕಣ್ಣು ಬಿಡುವ ಮೊದಲೇ "ಓಟಗಾರರ ದಣಿದ ಸ್ನಾಯುಗಳಿಗೆ..." ಎಂದು ಶುರುಮಾಡಿದಳು. ನಗು ಇಮ್ಮಡಿಯಾಯಿತು. ಮಾಲೀಕ ಮಾತ್ರ ನಗಲಿಲ್ಲ. ಅವನು ಕುರ್ಚಿಯನ್ನೇ ನೋಡುತ್ತಿದ್ದ.

ಗನ್ನು ಕೊಳ್ಳದೆ ಬಂದು ಬಡವಿಯ ಹೊಟ್ಟೆಯ ಮೇಲೆ ಹೊಡೆದೆನೇನೋ ಎಂಬ ಅಳುಕಿನಲ್ಲಿ ಕಂಡಕ್ಟರಮ್ಮ ಮರುದಿನ ಡ್ಯೂಟಿ ಮುಗಿದದ್ದೇ ಓಡಿಬಂದಳು. ಹುಡುಗಿಯ ಕೆಲಸ ಹೋಗಿರಲಿಲ್ಲ. ಒಳಗೆ ಗಿರಾಕಿಯೊಬ್ಬ ಒಂಟಿಕಾಲಲ್ಲಿ ಕುಪ್ಪಳಿಸುತ್ತ ಶೂ ಹಾಕಿಕೊಳ್ಳುತ್ತಿದ್ದ. ಕುರ್ಚಿ ಮುಂಬಾಗಿಲಿನ ಗಾಜಿನ ಹಿಂದೆ, ಎತ್ತರದ ಹಲಗೆಯೊಂದನ್ನು ಏರಿ, ಮೈತುಂಬ ಪ್ಲಾಸ್ಟಿಕ್ ಹೊದ್ದು ನಿಂತಿತ್ತು. ಅದರ ಕೊರಳಿಗೆ ಬೋರ್ಡು: 'ಕ್ರೀಡಾಪಟುಗಳಿಗೆ ವೈಜ್ಞಾನಿಕ ವಿಶ್ರಾಂತಿ ಆಸನ. ದಯವಿಟ್ಟು ಕೂರಬೇಡಿ.' ಪಕ್ಕದಲ್ಲಿ ಹುಡುಗಿ, ಒಮ್ಮೆ ಈ ಕಾಲಿಗೆ ಒಮ್ಮೆ ಆ ಕಾಲಿಗೆ ಭಾರ ಬದಲಿಸುತ್ತ, ಕೂತರೆ ಕಾಲಿಗೆ ಎಷ್ಟೊಂದು ಆರಾಮ ಎಂದು ನಾಲ್ಕು ಜನರಿಗೆ ವಿವರಿಸುತ್ತಿದ್ದಳು.