ಭಾನುವಾರದ ಸಕ್ಕರೆ

ಕಟಿಂಗ್ ಅಂಗಡಿಯಲ್ಲಿ ನಲ್ಲಿ ಇರಲಿಲ್ಲ. ಎರಡು ಕನ್ನಡಿ, ಎರಡು ಕುರ್ಚಿ, ಒಂದು ಸ್ಪಿರಿಟ್ ಬಾಟಲಿ, ಅರ್ಧ ಮುಖಕ್ಕೆ ನೊರೆ ಹಚ್ಚಿಸಿಕೊಂಡು ಕಾಯುತ್ತಿದ್ದ ಒಬ್ಬ ನಿವೃತ್ತ ಮೇಷ್ಟ್ರು, ಇಷ್ಟು ಇತ್ತು. ನೀರು ಬೇಕೆಂದರೆ ಕಟ್ಟಡದ ಹಿಂಬದಿಗೆ ಹೋಗಬೇಕು. ಗಿರಾಕಿಯ ಒಂದು ಕೆನ್ನೆ ಬೋಳಿಸಿ, ಇನ್ನೊಂದನ್ನು ಹಾಗೇ ಬಿಟ್ಟು ಯಾರು ಹೋಗುತ್ತಾರೆ?

ಹಾಗಾಗಿ ಅಂಗಡಿಯವನು ಹತ್ತಿಗೆ ಸ್ಪಿರಿಟ್ ಸುರಿದು ಮಗಳ ಬೆರಳು ಒರೆಸಿದ. ಕತ್ತಿ ಒರೆಸುವುದೂ ಅದರಲ್ಲೇ. ಬೆರಳೇನು ಕತ್ತಿಗಿಂತ ಹೆಚ್ಚೆ?

“ಅದು ಬೇಡ, ಇದು,” ಎಂದು ಎಂಟು ವರ್ಷದ ಹುಡುಗಿ ಎಡಗೈಯ ಉಂಗುರ ಬೆರಳನ್ನು ಚಾಚಿದಳು. “ಇದು ನೋಯಲ್ಲ.”

ಅದನ್ನೂ ಒರೆಸಿ ಚುಚ್ಚಿದ. ಒಂದು ಹನಿ. ಶುಗರ್ ಮಿಷನ್ ಐದು ಸೆಕೆಂಡು ಯೋಚಿಸಿ 291 ಎಂದಿತು.

“ಜಾಸ್ತಿ ಇದೆ. ಅಮ್ಮಂಗೆ ಫೋನ್ ಮಾಡು,” ಎಂದಳು ಹುಡುಗಿ, ಹವಾಮಾನ ವರದಿ ಓದುವವಳಂತೆ.

“ಹೋದ ವಾರಾನೂ ಹಿಂಗೇ ಅಲ್ವೇನಪ್ಪ?” ಮೇಷ್ಟ್ರು ನೊರೆಯೊಳಗಿಂದ ಕೇಳಿದರು. “ಅದರ ಹಿಂದಿನ ವಾರಾನೂ. ನಿನ್ನ ಮಗಳ ರಕ್ತಕ್ಕೆ ಭಾನುವಾರ ಯಾವತ್ತು ಅಂತ ಗೊತ್ತಾಗುತ್ತೆ.”

“ನಾನೇನೂ ತಿನ್ನೋಕೆ ಕೊಟ್ಟಿಲ್ಲ ಸಾರ್.”

“ನಾನು ಕೇಳ್ಲೇ ಇಲ್ವಲ್ಲ.”

ಗಂಡ ಹೆಂಡತಿ ಬೇರೆಯಾಗಿ ವರ್ಷವಾಗಿತ್ತು. ಭಾನುವಾರ ಎರಡರಿಂದ ಆರರವರೆಗೆ ಮಗಳು ಅಪ್ಪನ ಪಾಲು. ಬಸ್‌ಸ್ಟಾಪಿನಲ್ಲಿ ಮಗು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುತ್ತಿತ್ತು, ಮಾತು ಮಾತ್ರ ಹೋಗುತ್ತಿರಲಿಲ್ಲ. ಐದಕ್ಕೆ ಸರಿಯಾಗಿ ಶುಗರ್ ನೋಡಬೇಕು, ಇನ್ನೂರೈವತ್ತು ದಾಟಿದರೆ ಅಮ್ಮ ಇನ್ಸುಲಿನ್ ಹಿಡಿದು ಓಡಿ ಬರಬೇಕು. ದಿನಕ್ಕೆ ಇಪ್ಪತ್ತು ಜನ ಧೈರ್ಯವಾಗಿ ಗಂಟಲು ಒಡ್ಡುತ್ತಿದ್ದ ಕೈಗೆ ಆ ಒಂದು ಸೂಜಿ ಕೊಡಲು ಅವಳು ಒಪ್ಪಿರಲಿಲ್ಲ.

ಫೋನ್ ಮಾಡಿದ ಇಪ್ಪತ್ತು ನಿಮಿಷದಲ್ಲಿ ಅಮ್ಮ ಬಂದಳು. ಮಗಳನ್ನು ಹಿಂಬದಿಯ ನಲ್ಲಿಗೆ ಕರೆದೊಯ್ದು, ಸೋಪು ಹಚ್ಚಿ ತೊಳೆದು, ಒರೆಸಿ, ತಾನೇ ಚುಚ್ಚಿದಳು. 118.

“ಏನ್ರೀ ಇದು?” ಬೇರೆಯಾದರೂ ಅವಳು ‘ರೀ’ ಬಿಟ್ಟಿರಲಿಲ್ಲ. ಬೈಯಲು ಅನುಕೂಲವಾಗಿತ್ತು.

“ನನ್ನ ಕೇಳಿದ್ರೆ? ಮಿಷನ್‌ನ ಕೇಳು.”

“ನಾನು ನೋಡಿದಾಗೆಲ್ಲ ಸರಿಯಾಗೇ ಇರುತ್ತಲ್ಲ ಅಂತ ಬುಧವಾರ ಕ್ಲಿನಿಕ್ಕಲ್ಲಿ ನರ್ಸ್‌ನ ಕೇಳ್ದೆ. ಹಣ್ಣು ಮುಟ್ಟಿದ ಬೆರಳನ್ನ ಹಂಗೇ ಚುಚ್ಚಿದ್ರೆ ಮಿಷನ್ ಆ ಹಣ್ಣಿನ ಸಕ್ಕರೇನೂ ಸೇರಿಸಿ ತೋರಿಸುತ್ತಂತೆ. ಸ್ಪಿರಿಟ್‌ಗೆಲ್ಲ ಅದು ಪೂರ್ತಿ ಹೋಗಲ್ವಂತೆ. ಸೋಪು, ನೀರು, ಅಷ್ಟೇ. ಬರೆದು ಗೋಡೆಗೆ ಅಂಟಿಸ್ಲಾ?”

“ಅಂಟಿಸು. ರೇಟ್ ಬೋರ್ಡ್ ಪಕ್ಕ ಜಾಗ ಇದೆ.”

ಹೀಗೆ ಶುರುವಾದದ್ದು ನಲವತ್ತು ನಿಮಿಷ ನಡೆಯಿತು. ಹಿಂದಿನ ಎರಡು ವಾರವೂ ನಲವತ್ತೇ, ಶಿಸ್ತಿನ ದಂಪತಿ. ಮೇಷ್ಟ್ರು ಇನ್ನೊಂದು ಕೆನ್ನೆಯನ್ನೂ ಬೋಳಿಸಿಕೊಂಡು, ಜಗಳ ಅರ್ಧಕ್ಕೇ ಬಿಟ್ಟು ಹೋಗಬೇಕಾದ ಬೇಸರದಲ್ಲಿ ಎದ್ದು ಹೋದರು. ಇಬ್ಬರೂ ಎರಡು ಕುರ್ಚಿಗಳಲ್ಲಿ ಕೂತು, ಕನ್ನಡಿಯಲ್ಲಿ ಒಬ್ಬರನ್ನೊಬ್ಬರು ನೋಡುತ್ತ ಮುಂದುವರಿಸಿದರು. ಮುಖಕ್ಕೆ ಮುಖ ಕೊಟ್ಟು ಜಗಳವಾಡುವಷ್ಟು ಸಲುಗೆ ಉಳಿದಿರಲಿಲ್ಲ. ಹುಡುಗಿ ಯಾರೂ ಹೇಳದೆಯೇ ಪಕ್ಕದ ಅಂಗಡಿಯಿಂದ ಎರಡು ಟೀ ತಂದಿಟ್ಟು, ನಡುವೆ ಸ್ಟೂಲಿನ ಮೇಲೆ ಕೂತು ಕಾಲಾಡಿಸಿದಳು. ಬೈಗುಳದ ನಡುವೆಯೇ ಇಬ್ಬರೂ ಕುಡಿದರು.

ಹುಡುಗಿ ಲೋಟ ಹಿಂದಿರುಗಿಸಲು ಹೋದಾಗ ಅಮ್ಮ ದನಿ ತಗ್ಗಿಸಿದಳು.

“ಮುಂದಿನ ವಾರ ಮತ್ತೆ ಇನ್ನೂರೈವತ್ತು ದಾಟ್ತು ಅಂತ ಫೋನ್ ಬಂದ್ರೆ, ಈ ಭಾನುವಾರದ ವ್ಯವಹಾರ ಅಲ್ಲಿಗೆ ಮುಗೀತು. ಇಷ್ಟು ಸಣ್ಣ ಬೆರಳು ತೊಳೆಯೋಕೂ ಪುರುಸೊತ್ತಿಲ್ದೇ ಇರೋರ ಹತ್ರ ಮಗೂನ ಬಿಡಲ್ಲ.”

ಇಡೀ ವಾರದಲ್ಲಿ ಅವನಿಗೆ ಮಗಳೆಂದು ಇದ್ದದ್ದೇ ಆ ನಾಲ್ಕು ಗಂಟೆ.

ಮುಂದಿನ ಭಾನುವಾರ ಐದಕ್ಕೆ ಅವನು ಮೇಷ್ಟ್ರನ್ನು ಅರ್ಧ ನೊರೆಯಲ್ಲಿ ಬಿಟ್ಟು ಮಗಳ ಮಣಿಕಟ್ಟು ಹಿಡಿದ.

“ಎಲ್ಲಿಗೋ ಹೊರಟೆ?” ಎಂದರು ಮೇಷ್ಟ್ರು. “ನನ್ನ ಇನ್ನೊಂದು ಕೆನ್ನೆ?”

“ಅದೆಲ್ಲಿಗೂ ಹೋಗಲ್ಲ ಸಾರ್.”

ಹೊಸ ಸೋಪು, ಹೊಸ ಟವೆಲ್. ಹತ್ತು ಬೆರಳನ್ನೂ ಉಗುರಿನ ಸಂದಿಯಿಂದ ಗೆಣ್ಣಿನವರೆಗೆ ಉಜ್ಜಿದ, ಶಸ್ತ್ರಚಿಕಿತ್ಸೆ ಮಗಳೇ ಮಾಡಬೇಕೇನೋ ಎಂಬಂತೆ. ಮದುವೆಯಾದಂದಿನಿಂದ ಅವನು ಹೆಂಡತಿಯ ಮಾತನ್ನು ಇಷ್ಟು ಅಚ್ಚುಕಟ್ಟಾಗಿ ಪಾಲಿಸಿದ್ದು ಇದೇ ಮೊದಲು.

“ಸ್ಪಿರಿಟ್ ಸಾಕಪ್ಪ. ನೀರು ತಣ್ಣಗಿದೆ.”

“ಸುಮ್ನಿರು.”

ಮಿಷನ್ ಐದು ಸೆಕೆಂಡು ಯೋಚಿಸಿತು. 109.

ಫೋನ್ ಮಾಡಿದ. “ನೂರಾ ಒಂಬತ್ತು.”

“ತೊಳೆದ್ರಾ?”

“ತೊಳೆದೆ. ಸೋಪು ಅರ್ಧ ಸವೆದಿದೆ, ಬೇಕಾದ್ರೆ ತೋರಿಸ್ತೀನಿ.”

“ಬೇಡ. ಹಂಗಾದ್ರೆ ನಾನು ಬರೋ ಕೆಲಸ ಇಲ್ಲ. ಆರಕ್ಕೆ ಬಸ್‌ಸ್ಟಾಪಿಗೆ ಕರ್ಕೊಂಡು ಬನ್ನಿ.”

ಅವನು ಶಿಳ್ಳೆ ಹಾಕುತ್ತ ಕತ್ತಿ ಎತ್ತಿಕೊಂಡ. ಗೆದ್ದಿದ್ದ. ಭಾನುವಾರಗಳು ಅವನವೇ ಆಗಿ ಉಳಿದಿದ್ದವು.

ಹುಡುಗಿ ಕುರ್ಚಿಯ ಹಿಂದೆ ನಿಂತು, ಕಳೆದ ಮೂರು ಭಾನುವಾರ ಮಾಡಿದಂತೆಯೇ, ಫ್ರಾಕಿನ ಜೇಬಿನಲ್ಲಿ ಬಚ್ಚಿಟ್ಟುಕೊಂಡಿದ್ದ ದ್ರಾಕ್ಷಿಯನ್ನು ಉಂಗುರ ಬೆರಳಿನಿಂದ ಹಿಚುಕಿದಳು.

“ಅಪ್ಪ, ಇನ್ನೊಂದ್ಸಲ ನೋಡು. ಮಿಷನ್ ಸರಿ ಇಲ್ಲ.”

“ಇವತ್ತೇ ಸರಿಯಾಗಿರೋದು, ಪುಟ್ಟಿ,” ಎಂದ ಅವನು, ತಿರುಗಿ ನೋಡದೆ.

ಹೋದದ್ದು ಒಂದು ದ್ರಾಕ್ಷಿ, ಅಪ್ಪ ಅಮ್ಮ ಒಟ್ಟಿಗೆ ಕೂರುತ್ತಿದ್ದ ನಲವತ್ತು ನಿಮಿಷ.