ಹುಟ್ಟಿನ ಗುಂಡು

ಗಂಡು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಕೊಡಗಿನ ಆ ಕಣಿವೆಯಲ್ಲಿ ಸುದ್ದಿ ಬೆಟ್ಟ ಹತ್ತುತ್ತಿದ್ದುದೇ ಹಾಗೆ. ಕಂಪನಿ ಸರ್ಕಾರದ ಮೇಲೆ ತಿರುಗಿಬಿದ್ದು ಕಾಡು ಸೇರುವಾಗ ಮಗ ಬೊಳ್ಳವ್ವನಿಗೆ ಹೇಳಿದ್ದ: "ಒಂದು ಕೇಳಿದರೆ ಕೂಸಿನ ಮುಖ ನೋಡಲು ಬಂದೇ ಬರ್ತೇನೆ ಅವ್ವ. ಎರಡು ಕೇಳಿದರೆ ತಾಯಿ ಮಗು ಇಬ್ಬರೂ ಇಲ್ಲ ಅಂದುಕೊಂಡು ಘಟ್ಟ ಇಳಿದು ಹೋಗಿಬಿಡ್ತೇನೆ."

ಸೊಸೆ ಗಂಡು ಹೆತ್ತ ಬೆಳಿಗ್ಗೆಯೇ ಅಂಗಳಕ್ಕೆ ಸುಬೇದಾರ ಬಂದ, ಜೊತೆಗೊಬ್ಬ ಸಿಪಾಯಿ. ಉಳಿದ ಸಿಪಾಯಿಗಳು ಗದ್ದೆಯಂಚಿನಲ್ಲಿ ಹೊಂಚು ಹಾಕಿ ಕೂತರು.

"ಮೊಮ್ಮಗ ಹುಟ್ಟಿದ್ದಾನೆ, ಒಂದು ಗುಂಡಿಗೂ ಜಿಪುಣತನವಾ ಅಜ್ಜೀ?"

"ಹಾರಿಸಲು ಗಂಡಸರನ್ನು ನೀವು ಉಳಿಸಿದ್ದರಲ್ಲವಾ?"

"ನೀನೇ ಹಾರಿಸು. ಈ ಅಂಗಳದ ಗುಂಡಿನ ಸದ್ದಿಗೆ ನಿನ್ನ ಮಗ ಕಿವಿಗೊಟ್ಟಿರ್ತಾನೆ. ಬರೀ ಮದ್ದು ಸಾಕು, ಸೀಸ ಬೇಡ. ಆಗಲ್ಲ ಅಂದರೆ ಆ ಕೂಸನ್ನು ಇದೇ ಕಲ್ಲಿಗೆ ಅಪ್ಪಳಿಸ್ತೇನೆ."

ಬೊಳ್ಳವ್ವ ಕೋವಿಯನ್ನು ಆಕಾಶಕ್ಕೆತ್ತಿ ಹಾರಿಸಿದಳು. ಬೆಟ್ಟ ಮಾರ್ದನಿಗೊಟ್ಟಿತು.

"ಇನ್ನು ಇಳೀತಾನೆ ನಿನ್ನ ಹುಲಿ," ಎಂದು ನಗುತ್ತ ಸುಬೇದಾರ ಖಾಲಿ ಕೋವಿಯನ್ನು ಕಿತ್ತುಕೊಂಡ. ಅವನ ನಗು ಮುಗಿಯುವ ಮೊದಲೇ ಜಗಲಿಯ ಮೇಲಿದ್ದ ಸೌದೆಕತ್ತಿ ಅವನ ಕೊರಳಿಗೆ ಇಳಿದಿತ್ತು. ಬಿಸಿ ರಕ್ತ ಬೊಳ್ಳವ್ವನ ಮುಖಕ್ಕೆ ಚಿಮ್ಮಿತು. ಅವಳು ಒರೆಸಿಕೊಳ್ಳದೆ, ಕತ್ತಿಯನ್ನು ಮತ್ತೆ ಎತ್ತಿ ಸಿಪಾಯಿಯತ್ತ ನಡೆದಳು.

ಅವನು ಬಂದೂಕು ಎತ್ತಿ ಗುರಿಯಿಟ್ಟ. "ಕತ್ತಿ ಬಿಸಾಡು ಮುದುಕೀ, ಹೊಡೆದುಬಿಡ್ತೇನೆ."

"ಬೇಗ ಹೊಡಿ ಮಗಾ," ಎಂದಳು ಬೊಳ್ಳವ್ವ. "ಅವನು ಕಾಡಿನಿಂದ ಹೊರಡುವುದರೊಳಗೆ ಇನ್ನೊಂದು ಗುಂಡು ಕೇಳಬೇಕು."